ಯುದ್ಧದ ಹಡಗಿನಲ್ಲಿ ಪ್ರಯಾಣಿಕರಿಗೆ ಜಾಗ ಎಲ್ಲಿತ್ತು?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ವಿಮಾನ ಹೊರುತ್ತಿದ್ದ ಹಡಗೊಂದು ಆಮೇಲೆ 'ಫೇರ್‌ಸೀ' ಹೆಸರಿನ ಪ್ರಯಾಣಿಕರ ಹಡಗಾಯಿತು ಎಂದು ಓದಿದೆ. ಯುದ್ಧನೌಕೆಯಲ್ಲಿ ಅಷ್ಟು ಜನಕ್ಕೆ ಜಾಗ ಎಲ್ಲಿ ಸಿಗುತ್ತೆ? ಹೊಸ ಹಡಗು ಕಟ್ಟಿಸೋದೇ ಸುಲಭ ಅಲ್ವಾ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಉಕ್ಕಿನ ದಪ್ಪ ಕವಚ, ಭಾರಿ ಫಿರಂಗಿ ಇರುವ ಕ್ರೂಸರ್ ಆಗಿದ್ದರೆ ಯಾವ ಕಂಪನಿಯೂ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಆದರೆ ಫೇರ್‌ಸೀ ಹುಟ್ಟಿದ್ದೇ ವ್ಯಾಪಾರಿ ಹಡಗಾಗಿ. ಅಮೆರಿಕದ ಪೆನ್ಸಿಲ್ವೇನಿಯಾದ ಚೆಸ್ಟರ್ ಊರಿನಲ್ಲಿ 1941ರಲ್ಲಿ ನೀರಿಗಿಳಿದಾಗ ಅದರ ಹೆಸರು 'ರಿಯೊ ಡಿ ಲಾ ಪ್ಲಾಟಾ'. ದಕ್ಷಿಣ ಅಮೆರಿಕಕ್ಕೆ ಸರಕನ್ನೂ ಜನರನ್ನೂ ಒಯ್ಯಬೇಕಿತ್ತು. ಅಷ್ಟರಲ್ಲಿ ಯುದ್ಧಕ್ಕೆ ಹಡಗು ಸಾಲದಾಯಿತು. ಮೇಲೆ ರನ್‌ವೇ, ಕೆಳಗೆ ವಿಮಾನ ನಿಲ್ಲಿಸುವ ಹ್ಯಾಂಗರ್ ಕಟ್ಟಿ ಅದನ್ನು 'ಚಾರ್ಜರ್' ಎಂಬ ವಿಮಾನ ಹಡಗು ಮಾಡಿದರು.

ಇದೇ ಮಾದರಿಯ ಇನ್ನೂ ಮೂರು ಹಡಗುಗಳು ಬ್ರಿಟಿಷ್ ನೌಕಾಪಡೆಗೆ ಹೋದವು. 'ಅವೆಂಜರ್' 1942ರಲ್ಲಿ ಜರ್ಮನ್ ಸಬ್‌ಮರೀನ್‌ನ ಟಾರ್ಪಿಡೊಗೆ ಸಿಕ್ಕಿತು. 'ಡ್ಯಾಶರ್' 1943ರಲ್ಲಿ ಸ್ಕಾಟ್ಲೆಂಡ್ ಕರಾವಳಿಯಲ್ಲಿ ಒಳಗೇ ಸ್ಫೋಟವಾಗಿ ಮುಳುಗಿತು. ಉಳಿದ 'ಬೈಟರ್' ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸ್ ಕೈ ಸೇರಿತು. ಚಾರ್ಜರ್ ಮಾತ್ರ ಅಮೆರಿಕದಲ್ಲೇ ಉಳಿದು, ಹೆಚ್ಚುಕಮ್ಮಿ ಇಡೀ ಯುದ್ಧವನ್ನು ಚೆಸಪೀಕ್ ಕೊಲ್ಲಿಯಲ್ಲೇ ಕಳೆಯಿತು. ಹೊಸ ಪೈಲಟ್‌ಗಳಿಗೆ ಗಿಡ್ಡ ಡೆಕ್ ಮೇಲೆ ಇಳಿಯುವುದು, ಹಾರುವುದು ಕಲಿಸುವುದೇ ಅದರ ಕೆಲಸ. ಗುಂಡೇಟು ತಿನ್ನದೆ ಉಳಿದದ್ದು ಹೀಗೆ.

1947ರಲ್ಲಿ ರಷ್ಯಾ ಮೂಲದ ಉದ್ಯಮಿ ವ್ಲಾಸೊವ್ ಅವರ ಹಡಗು ಸಂಸ್ಥೆ ಇದನ್ನು ಕೊಂಡಿತು. ಇವರದೇ 'ಸಿಟ್‌ಮಾರ್' ಕಂಪನಿ. ಇನ್ನು ನಿಮ್ಮ ಜಾಗದ ಪ್ರಶ್ನೆ. ವಿಮಾನ ಹೊರಗೆ ಹೋದ ಮೇಲೆ ಹ್ಯಾಂಗರ್ ಅಂದರೆ ಏನು? ಸುಮ್ನೆ ಒಂದು ಖಾಲಿ ಗೋದಾಮು. ರನ್‌ವೇ ಕಿತ್ತುಹಾಕಿ, ಒಳಗಿನ ಜಾಗ ವಿಂಗಡಿಸಿ, ಬಂಕ್ ಜೋಡಿಸಿ, ಪಕ್ಕದಲ್ಲಿ ಲೈಫ್‌ಬೋಟ್ ನೇತುಹಾಕಿದರೆ ಸಾವಿರಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. 1949ರಲ್ಲಿ ಯುರೋಪಿನ ನಿರಾಶ್ರಿತರನ್ನು ತುಂಬಿಕೊಂಡು ಅದು ಆಸ್ಟ್ರೇಲಿಯಾಕ್ಕೆ ಹೊರಟಿತು. ಐಷಾರಾಮ ಅಂತ ಅಂದುಕೊಳ್ಳಬೇಡಿ! ಆಗಿನ ನಿರಾಶ್ರಿತರ ಹಡಗುಗಳಲ್ಲಿ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಒಂದರ ಮೇಲೊಂದು ಬಂಕ್. ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ಮದುವೆಯಾದವರಿಗೂ ಅದೇ ಪಾಡು. ಆಮೇಲೆ ಕಂಪನಿ ಹಂತಹಂತವಾಗಿ ಕ್ಯಾಬಿನ್‌ಗಳನ್ನು ಮಾಡಿಸಿತು.

1950ರ ದಶಕದ ನಡುವಿನಿಂದ ಬ್ರಿಟಿಷ್ ವಲಸಿಗರು ಹತ್ತತೊಡಗಿದರು. ದೊಡ್ಡವರಿಗೆ ಬರೀ 10 ಪೌಂಡ್, ಮಕ್ಕಳಿಗೆ ಪುಕ್ಕಟೆ. ಮಿಕ್ಕ ಖರ್ಚು ಸರ್ಕಾರದ್ದು. ಆದರೆ ಎರಡು ವರ್ಷದೊಳಗೆ ವಾಪಸ್ ಹೊರಟರೆ ಆ ಹಣ ಕಟ್ಟಬೇಕು. 1958ರಲ್ಲಿ ಗಿಬ್ ಕುಟುಂಬ ಇದೇ ಹಡಗಿನಲ್ಲಿ ಹೋಯಿತು. ಆ ಮನೆಯ ಹುಡುಗರೇ ಮುಂದೆ 'ಬೀ ಜೀಸ್' ಎಂಬ ಹೆಸರಾಂತ ಪಾಪ್ ಗಾಯನ ತಂಡವಾದರು.

ಹೊಸದು ಕಟ್ಟಿಸುವುದು ಸುಲಭವಾಗಿರಲಿಲ್ಲ. ಯುದ್ಧ ಮುಗಿದಾಗ ಹಡಗುಕಟ್ಟೆಗಳ ಮುಂದೆ ಕ್ಯೂ ಇತ್ತು, ಹಳೆ ಹಡಗು ಅಗ್ಗವಾಗಿ ಸಿಗುತ್ತಿತ್ತು. ಲೆಕ್ಕ ತಪ್ಪಲಿಲ್ಲ, ಫೇರ್‌ಸೀ ಹತ್ತಿರ ಹತ್ತಿರ 20 ವರ್ಷ ದುಡಿಯಿತು. 1969ರ ಜನವರಿಯಲ್ಲಿ ಪೆಸಿಫಿಕ್ ನಡುವೆ ಎಂಜಿನ್ ರೂಮಿಗೆ ಬೆಂಕಿ ಬಿತ್ತು. ಪನಾಮಾವರೆಗೆ ಎಳೆದು ತಂದರು. ಅಷ್ಟು ಹಳೇ ಎಂಜಿನ್‌ಗೆ ಯಾರು ದುಡ್ಡು ಸುರಿಯುತ್ತಾರೆ? ಅದೇ ವರ್ಷ ಇಟಲಿಯಲ್ಲಿ ಗುಜರಿಗೆ ಹೋಯಿತು. ಅಷ್ಟರಲ್ಲಿ ಕಂಪನಿ ಇನ್ನೊಂದು ವಿಮಾನ ಹಡಗನ್ನೂ ಹೀಗೇ ಬದಲಾಯಿಸಿ ಓಡಿಸುತ್ತಿತ್ತು: 'ಅಟ್ಯಾಕರ್' 1958ರಿಂದ 'ಫೇರ್‌ಸ್ಕೈ' ಆಗಿ ಇದೇ ಆಸ್ಟ್ರೇಲಿಯಾ ದಾರಿಯಲ್ಲಿತ್ತು.