ಎಸ್‌ಐಸಿಎಸ್ ಹಳೇ ಕಾಲದ ಆಪರೇಷನ್ ಏನಲ್ಲ

ಅಮ್ಮನ ಕಣ್ಣಿನ ಪೊರೆ ತುಂಬಾ ಗಟ್ಟಿಯಾಗಿದೆ, ಡಾಕ್ಟರು ಫೇಕೋ (ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿ ತೆಗೆಯೋ ಆಪರೇಷನ್) ಬಿಟ್ಟು ಎಸ್‌ಐಸಿಎಸ್ (ಸಣ್ಣ ಗಾಯ ಮಾಡಿ ಪೊರೆಯನ್ನು ಕೈಯಿಂದಲೇ ಹೊರತೆಗೆಯೋ ಆಪರೇಷನ್) ಮಾಡೋಣ ಅಂದರು, ಅದು ಕಳಪೆ ಅಲ್ವಾ ಅಂತ ಕೇಳಿದ್ದೀರಿ. ಸುಮ್ನೆ ಹೆದರಬೇಡಿ. ನೇಪಾಳದಲ್ಲಿ ಕಣ್ಣಿನ ಡಾಕ್ಟರ್ ಸಂದುಕ್ ರುಯಿತ್ ತಂಡ 108 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಇದನ್ನೇ ಪರೀಕ್ಷಿಸಿತ್ತು. ಫಲಿತಾಂಶ ಬಂದದ್ದು 2007ರಲ್ಲಿ. ಆರು ತಿಂಗಳ ನಂತರ ಕನ್ನಡಕವಿಲ್ಲದೆ 20/60 (ಒಳ್ಳೇ ಕಣ್ಣಿನವರು 60 ಅಡಿಯಿಂದ ಓದೋದನ್ನು 20 ಅಡಿಯಿಂದ ಓದುವಷ್ಟು ದೃಷ್ಟಿ) ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವರು ಎಸ್‌ಐಸಿಎಸ್‌ನಲ್ಲಿ ಶೇ. 89, ಫೇಕೋದಲ್ಲಿ ಶೇ. 85. ಹೆಚ್ಚುಕಮ್ಮಿ ಒಂದೇ. ಹೊಲಿಗೆ ಎರಡರಲ್ಲೂ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಎಸ್‌ಐಸಿಎಸ್‌ನಲ್ಲಿ ಗಾಯ ಸ್ವಲ್ಪ ದೊಡ್ಡದು, ಹಾಗಾಗಿ ಸಿಲಿಂಡರ್ ಪವರ್ (ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದೆ ಬರುವ ಮಸುಕು) ಸ್ವಲ್ಪ ಜಾಸ್ತಿ ಉಳಿಯಬಹುದು. ಅಂದಹಾಗೆ, ಫೇಕೋವನ್ನು ಎಲ್ಲರೂ ಲೇಸರ್ ಅಂತಾರೆ. ಅದು ಲೇಸರ್ ಅಲ್ಲ, ಅಲ್ಟ್ರಾಸೌಂಡ್! ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆ ಅಂತ ಮಾತ್ರ ಕೇಳಿ ನೋಡಿ.