ಬಚ್ಚಲಿನ ಬಾಗಿಲು ಎಷ್ಟು ಅಗಲ?

ಶಾಲೆಗಳಿಗೆ ರಜೆ ಬಂತೆಂದರೆ ಇಂಥ ಕುಟುಂಬಗಳು ನನ್ನ ಬಳಿ ಆಪ್ತಸಲಹೆಗೆ ಬರುವುದು ಹೆಚ್ಚು. ಮನೆಯಲ್ಲೊಬ್ಬರು ಗಾಲಿಕುರ್ಚಿಯಲ್ಲಿರುತ್ತಾರೆ, ಪ್ರವಾಸಕ್ಕೆ ಹೊರಡುವ ಮೊದಲೇ ಮನಸ್ತಾಪ. ಶಿವಮೊಗ್ಗದ ಈ ಕುಟುಂಬದ್ದೂ ಅದೇ ಕತೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮಗಳಿಗೆ ಮೂವತ್ತರ ಆಸುಪಾಸು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಜೋಗ ನೋಡಿ, ಸಾಗರದ ಕಡೆ ಹೋಮ್‌ಸ್ಟೇಯಲ್ಲಿ ಉಳಿಯುವುದು ಅಣ್ಣನ ಯೋಜನೆ. ಅವಳು ಒಲ್ಲೆ ಎಂದಿದ್ದಳು. ಖಿನ್ನತೆಯಿರಬಹುದೆಂದು ಕರೆತಂದಿದ್ದರು.

"ಸಾವಿರಕ್ಕೂ ಹೆಚ್ಚು ಮೆಟ್ಟಿಲಾದರೇನು ಮೇಡಂ, ನಾವು ನಾಲ್ವರು ಹೊತ್ತು ಇಳಿಸುತ್ತೇವೆ" ಎಂದ ಅಣ್ಣ. ತಾಯಿ ಮಗಳ ಪರ ವಹಿಸಿದರು: "ಇವಳಿಂದ ಯಾರಿಗೂ ತೊಂದರೆಯಿಲ್ಲ. ಎಲ್ಲಿಗಾದರೂ ಹೊರಡುವುದಿದ್ದರೆ ಹಿಂದಿನ ಸಂಜೆಯಿಂದಲೇ ನೀರು ಮುಟ್ಟುವುದಿಲ್ಲ." ಹೆಮ್ಮೆಯಿಂದಲೇ ಹೇಳಿದರು.

ಉಳಿದವರ ಮಾತು ಅಲ್ಲಿಗೆ ತಡೆದು ಅವಳನ್ನೇ ಕೇಳಿದೆ. "ಮದುವೆಗೆ ಹೋದಾಗ ಕುರ್ಚಿ ಬಚ್ಚಲಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅಣ್ಣ ಎತ್ತಿ ಒಳಗೆ ಕೂರಿಸಿದ, ಮುಗಿಯುವವರೆಗೂ ಬಾಗಿಲಾಚೆ ನಿಂತಿದ್ದ. ಜೋಗ ನನಗೂ ಇಷ್ಟ. ಆದರೆ ಅಣ್ಣ ಕಾಯಬೇಕಿಲ್ಲದ ಬಚ್ಚಲು ಮೊದಲು ಬೇಕು" ಎಂದಳು. ಅಣ್ಣ ತಲೆ ತಗ್ಗಿಸಿದ.

ಖಿನ್ನತೆ ನನಗೆ ಕಾಣಲಿಲ್ಲ. ಇಂಥವರಿಗೆ ಮೂತ್ರದ ಸೋಂಕು ಸುಲಭವಾಗಿ ತಗಲುತ್ತದೆ, ನೀರು ಕುಡಿಯದಿದ್ದರೆ ಇನ್ನೂ ಅಪಾಯ ಎಂದು ತಾಯಿಗೆ ಸ್ವಲ್ಪ ಗಡುಸಾಗಿಯೇ ಹೇಳಿದೆ. ಊರು ಆಮೇಲೆ, ಮೊದಲು ಬಚ್ಚಲು ಗೊತ್ತುಮಾಡಿ ಎಂದೆ. ಗಾಲಿಕುರ್ಚಿ ಬರುತ್ತದೆಯೇ ಎಂದು ಕೇಳಿದರೆ ಮಲೆನಾಡಿನ ಆತಿಥೇಯರು ಇಲ್ಲವೆನ್ನುವುದಿಲ್ಲ. ಸುಳ್ಳಲ್ಲ, ದಾಕ್ಷಿಣ್ಯ. ಎತ್ತರದ ಜಗುಲಿ, ಹೊಸಿಲು, ಹಿತ್ತಿಲ ಬಚ್ಚಲು ಅವರಿಗೆ ಅಡ್ಡಿಯಾಗಿ ಕಾಣುವುದೇ ಇಲ್ಲ. ಬಾಗಿಲಿಗೆ ಟೇಪು ಹಿಡಿದ ಫೋಟೊ ತರಿಸಿಕೊಳ್ಳಿ. 90 ಸೆಂಟಿಮೀಟರ್ ಇದ್ದರೆ ನಿಶ್ಚಿಂತೆ. ಕೇಳಲು ಸಂಕೋಚ ಬೇಡ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆಗಳಿಗೂ ಅನ್ವಯಿಸುತ್ತದೆ. ಇನ್ನು ಜೋಗ. 253 ಮೀಟರ್ ಧುಮುಕುವ ನೀರನ್ನು ನೋಡಲು ಕೆಳಗಿಳಿಯಲೇಬೇಕೆಂದಿಲ್ಲ. ಇಳಿಯುವವರು ಇಳಿಯಲಿ, ಅವಳ ಬಗ್ಗೆ ಮರುಗುತ್ತ ಇಳಿಯುವುದು ಬೇಡ.

ಇದು ಆಪ್ತಸಲಹೆಯಲ್ಲ, ಟ್ರಾವೆಲ್ ಏಜೆಂಟರ ಕೆಲಸ ಎಂದು ಸಹೋದ್ಯೋಗಿಯೊಬ್ಬರು ಛೇಡಿಸಿದರು. ಇರಲಿ. ಬಾಗಿಲು ಅಳೆದರೆ ತೀರುವ ಸಂಕಟಕ್ಕೆ ಕಾಯಿಲೆಯ ಹೆಸರಿಡಲು ನನಗೆ ಮನಸ್ಸಿಲ್ಲ.

"ಹಾಗಾದರೆ ಇವಳನ್ನು ಎತ್ತುವವರು ಯಾರು?" ಎಂದು ಅಣ್ಣ ಕೇಳಿದ. ಅವಳನ್ನೇ ಕೇಳಿ ಎಂದೆ. "ಅತ್ತಿಗೆ" ಎಂದಳು ಅವಳು, ಹೋಮ್‌ಸ್ಟೇಗೆ ಫೋನ್ ಮಾಡುವುದು ಮಾತ್ರ ತಾನೇ ಎಂದಳು.