ನಾಲ್ಕು ಸ್ಪೀಕರ್ ಬಾಕ್ಸ್ ಹಚ್ಚಿದರೆ ಆಂಪ್ಲಿಫೈಯರ್ ಯಾಕೆ ಬಂದ್ ಆಗುತ್ತದೆ? ದೊಡ್ಡದು ತಗೋಬೇಕಾ?

ಬೇಡ, ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಆಂಪ್ಲಿಫೈಯರ್ ಸಣ್ಣದೇನಲ್ಲ, ಜೋಡಿಸಿದ್ದು ತಪ್ಪಾಗಿದೆ. ನೀವು ಬರೆದ ಪ್ರಕಾರ ಓಣಿ ಗಣಪತಿಗೆ 8 ಓಮ್‌ನ ನಾಲ್ಕು ಬಾಕ್ಸ್. ಓಮ್ ಅಂದ್ರೆ ಕರೆಂಟಿಗೆ ಬಾಕ್ಸ್ ಒಡ್ಡುವ ತಡೆ. ಆಂಪ್ಲಿಫೈಯರ್ ಹಿಂದೆ ಒಂದೊಂದು ಚಾನೆಲ್‌ಗೆ (ಎಡ, ಬಲ ಅಂತ ಎರಡು ಔಟ್‌ಪುಟ್) 4 ಓಮ್‌ಗೆ 200 ವ್ಯಾಟ್ ಅಂತ ಇದೆ. ನಾಲ್ಕನ್ನೂ ಒಂದರಿಂದ ಒಂದಕ್ಕೆ ವೈರ್ ಎಳೆದು ಒಂದೇ ಚಾನೆಲ್‌ಗೆ ಹಚ್ಚಿದ್ದೀರಿ. ಅರ್ಧ ಗಂಟೆಗೆ ಕೆಂಪು ದೀಪ, ಸದ್ದು ಬಂದ್.

ನಾನು ಗದಗದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಎಲ್ಲರೂ ವ್ಯಾಟ್ ಕೇಳುತ್ತಾರೆ, ಓಮ್ ಕೇಳುವವರು ಕಮ್ಮಿ. 4 ಓಮ್‌ಗೆ 200 ವ್ಯಾಟ್ ಅಂದ್ರೆ ಹೊರಗೆ ಬರೋದು ಸುಮಾರು 28 ವೋಲ್ಟ್. ಅಷ್ಟಕ್ಕೆ 8 ಓಮ್‌ನ ಒಂದು ಬಾಕ್ಸ್ ಎಳೆಯೋದು ಮೂರೂವರೆ ಆಂಪಿಯರ್. ನೀವು ಎಳೆದಂತೆ ಎರಡು ಬಾಕ್ಸ್ ಪ್ಯಾರಲಲ್ ಆದರೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) 4 ಓಮ್, 7 ಆಂಪಿಯರ್. ಇಲ್ಲಿಗೆ ಅದರ ಶಕ್ತಿ ಮುಗೀತು. ನಾಲ್ಕು ಹಚ್ಚಿದರೆ 2 ಓಮ್, 14 ಆಂಪಿಯರ್ ಕೊಡು ಅಂತೀರಿ. ಒಳಗಿನ ಟ್ರಾನ್ಸಿಸ್ಟರ್ ಕಾಯದೆ ಇನ್ನೇನು ಮಾಡುತ್ತದೆ? ಸುಡುವ ಮುಂಚೆ ತಾನೇ ಬಂದ್ ಆಗಿದ್ದು ನಿಮ್ಮ ಪುಣ್ಯ.

ಎಡ ಚಾನೆಲ್‌ಗೆ ಎರಡು, ಬಲಕ್ಕೆ ಎರಡು ಹಚ್ಚಿ. ಅಷ್ಟೇ. ಎರಡೂ ಚಾನೆಲ್ ಸೇರಿಸಿ ಒಂದು ಮಾಡುವ ಬ್ರಿಜ್ ಸ್ವಿಚ್ ಮಾತ್ರ ಮುಟ್ಟಬೇಡಿ. ಅದನ್ನು ಹಾಕಿದರೆ ಒಂದೊಂದು ಚಾನೆಲ್‌ಗೂ ಹಚ್ಚಿದ ಲೋಡಿನ ಓಮ್‌ನಲ್ಲಿ ಅರ್ಧದಷ್ಟು ಮಾತ್ರ ಕಂಡಂತಾಗುತ್ತದೆ.

ಹಚ್ಚುವ ಮುಂಚೆ ಒಂದು ಕೆಲಸ ಮಾಡಿ. ವೈರಿನ ತುದಿಯನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್‌ನ ಬಾಕ್ಸ್ ಮೀಟರಿನಲ್ಲಿ ಆರರ ಆಸುಪಾಸು ತೋರಿಸುತ್ತದೆ, ಎರಡಿದ್ದರೆ ಮೂರರ ಹತ್ತಿರ. ಒಂದೂವರೆ ಬಂದರೆ ನಾಲ್ಕೂ ಇನ್ನೂ ಒಂದೇ ಕಡೆ ಇವೆ ಅಂತ ತಿಳೀರಿ.

ದೊಡ್ಡ ಆಂಪ್ಲಿಫೈಯರ್ ಬಾಕ್ಸ್ ಸುಡುತ್ತೆ ಅಂತ ಹೆದರುತ್ತಾರೆ, ಆದರೆ ನಾನು ಸುಟ್ಟಿದ್ದು ಸಣ್ಣದರಿಂದ. ಲಕ್ಕುಂಡಿ ಕಡೆ ಒಂದು ಮದುವೆ. 100 ವ್ಯಾಟಿನ ಬಾಕ್ಸಿಗೆ 50 ವ್ಯಾಟಿನ ಆಂಪ್ಲಿಫೈಯರ್ ಹಚ್ಚಿ, ಹುಡುಗರ ಒತ್ತಾಯಕ್ಕೆ ಗುಂಡಿಯನ್ನು ಕೊನೆತನಕ ತಿರುಗಿಸಿದೆ. ಸದ್ದು ಕಿರ್ರ್ ಅನ್ನತೊಡಗಿತು, ಸುಟ್ಟ ವಾರ್ನಿಷ್ ವಾಸನೆ ಬಂತು, ಎರಡೂ ಟ್ವೀಟರ್ (ಚೂಪು ಸದ್ದಿನ ಸಣ್ಣ ಸ್ಪೀಕರ್) ಹೋದವು. ಶಕ್ತಿ ಮೀರಿ ತಿರುಗಿಸಿದಾಗ ಅಲೆಯ ತುದಿ ಕತ್ತರಿಸಿದಂತಾಗಿ ಚೂಪು ಸದ್ದು ಜಾಸ್ತಿ ಹುಟ್ಟುತ್ತದೆ. ಅದೆಲ್ಲ ಹೋಗೋದು ಟ್ವೀಟರಿನ ಕೂದಲೆಳೆಯಂಥ ಕಾಯಿಲ್‌ಗೆ. ಅದಕ್ಕೇ ಬಾಕ್ಸಿನ ಆರ್‌ಎಂಎಸ್ ವ್ಯಾಟಿಗಿಂತ (ಅದು ಸತತವಾಗಿ ತಡೆಯುವ ವ್ಯಾಟ್) ಆಂಪ್ಲಿಫೈಯರ್ ಸ್ವಲ್ಪ ಜಾಸ್ತಿಯೇ ಇರಲಿ, ಕೈ ಮಾತ್ರ ಹಿಡಿತದಲ್ಲಿರಲಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಲೆಕ್ಕ) ಅಂತ ಬರೆದ ಸಾವಿರಗಟ್ಟಲೆ ವ್ಯಾಟ್ ಸುಮ್ನೆ ಸ್ಟಿಕರ್.

ವೈರ್ ತೆಳ್ಳಗಿದ್ದರೂ ನಷ್ಟವೇ. 4 ಓಮ್ ಲೋಡಿಗೆ 0.75 ಸ್ಕ್ವೇರ್ ಎಂಎಂ ವೈರನ್ನು 20 ಮೀಟರ್ ಎಳೆದರೆ ಬಾಕ್ಸಿಗೆ ಸಿಗುವ ವ್ಯಾಟ್ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗುತ್ತದೆ. 2.5 ಸ್ಕ್ವೇರ್ ಎಂಎಂ ತಗೊಳ್ಳಿ.

ಗುಡಿ ಮೇಲಿನ ಹಾರ್ನನ್ನೂ ಇದಕ್ಕೇ ಹಚ್ಚಬಹುದಾ ಅಂತ ಕೇಳಿದ್ದೀರಿ. ಅದು 100 ವೋಲ್ಟ್ ಲೈನಿನದಾದರೆ (ದೂರದ ಹಾರ್ನ್‌ಗಳಿಗೆ ಹೆಚ್ಚು ವೋಲ್ಟೇಜಿನಲ್ಲಿ ಸದ್ದು ಕಳಿಸುವ ಲೈನು) ಬೇಡ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅಲ್ಲಿ ಓಮ್ ಬದಲು ಹಾರ್ನ್‌ಗಳ ವ್ಯಾಟ್ ಕೂಡಿಸಿ ಲೆಕ್ಕ ಹಾಕಬೇಕು. ಅದಕ್ಕೆ ಲೈನ್ ಔಟ್‌ಪುಟ್ ಇರುವ ಬೇರೆ ಆಂಪ್ಲಿಫೈಯರ್ರೇ ಬೇಕು.